ಯಂತ್ರದ ದಿಡ್ಡಿಬಾಗಿಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಒಂದು ಶೈಕ್ಷಣಿಕ ಜಿಲ್ಲೆಯಾಗಿರುವುದು ನಮ್ಮ ವಾಚಕರಲ್ಲಿ ಅನೇಕರಿಗೆ ತಿಳಿದ ವಿಷಯವೇ. ಈ ನಾಲ್ಕು ತಾಲ್ಲೂಕುಗಳ ಪಾಠಶಾಲೆಗಳಲ್ಲಿಯೇ ನಮ್ಮ ಉಪಾಧ್ಯಾಯವೃತ್ತಿಯ ಕಾಲವೆಲ್ಲವೂ ಕಳೆಯಿತು. ವಿಶ್ರಾಂತಿವೇತನವನ್ನು ಪಡೆದು ಮಧುಗಿರಿಯಲ್ಲಿ ನೆಲಸಿದ ಮೇಲೆಯೂ ಹಳೆಯ ಪರಿಚಯದವರು ನಮ್ಮ ಮನೆಯ ಜಗಲಿಯನ್ನು ಹತ್ತುವುದು ನಿಲ್ಲಲಿಲ್ಲ. ಮೊದಲು ಮಕ್ಕಳ ಪಾಠದ ವಿಷಯವಾಗಿ ಬರುತ್ತಿದ್ದವರು ಈಗ ಅರ್ಜಿಗಳಿಗಾಗಿ ಬರುತ್ತಾರೆ, ಇಷ್ಟೇ ವ್ಯತ್ಯಾಸ.

ಒಬ್ಬರಿಗೆ ಪಹಣಿ ಬೇಕು. ಒಬ್ಬರಿಗೆ ಮಗನ ವಿದ್ಯಾರ್ಥಿವೇತನದ ಅರ್ಜಿಯಾಗಬೇಕು. ಇನ್ನೊಬ್ಬರಿಗೆ ವೃದ್ಧಾಪ್ಯವೇತನವು ಏಕೆ ನಿಂತಿತೆಂದು ತಿಳಿಯಬೇಕು. ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ೨೦೧೮ರಲ್ಲಿ ಆರಂಭವಾದ ಸೌರವಿದ್ಯುತ್ ಕ್ಷೇತ್ರಕ್ಕಾಗಿ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ಭೂಮಿಯನ್ನು ರೈತರು ಮಾರದೆ ಗುತ್ತಿಗೆಗೆ ಕೊಟ್ಟಿರುವರಷ್ಟೆ. ಆ ಕಡೆಯ ವಿಧವೆಯೊಬ್ಬರು ತಮ್ಮ ಗುತ್ತಿಗೆಯ ಕಾಗದಗಳನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ಸೆರಗಿನಲ್ಲಿ ಸುತ್ತಿಕೊಂಡು ಬಂದು, “ಇದರದೊಂದು ನಕಲು ನಿಮ್ಮ ಪೆಟ್ಟಿಗೆಯಲ್ಲಿರಲಿ ಮೇಷ್ಟ್ರೇ. ನನ್ನ ಮನೆ ಮಳೆಗೆ ಸೋರುತ್ತದೆ” ಎಂದಿದ್ದರು. ಅವರು ಪೆಟ್ಟಿಗೆಯೆಂದದ್ದು ನಮ್ಮ ಮಗಳು ತಂದುಕೊಟ್ಟ ಗಣಕಯಂತ್ರವನ್ನು. ಹೀಗೆ ಒಬ್ಬೊಬ್ಬರದೂ ಒಂದೆರಡು ಹಾಳೆಗಳು ಸೇರಿ, ನಾಲ್ಕು ತಾಲ್ಲೂಕುಗಳ ಮೂವತ್ತು ನಲವತ್ತು ಸಂಸಾರಗಳ ಗುಟ್ಟು ಆ ಪೆಟ್ಟಿಗೆಯೊಳಗೆ ಕುಳಿತಿತ್ತು.

ನಾವು ಅದಕ್ಕೆ ಭದ್ರವಾದ ಗುಪ್ತಪದವನ್ನಿಟ್ಟಿದ್ದೆವು. ಪಾಸ್‌ವರ್ಡ್ ಎಂದು ಎಲ್ಲರೂ ಕರೆಯುವುದನ್ನೇ ನಾವು ಹಳೆಯ ಅಭ್ಯಾಸದಿಂದ ಗುಪ್ತಪದವೆನ್ನುತ್ತೇವೆ. ಅದರಲ್ಲಿ ಹದಿನಾಲ್ಕು ಅಕ್ಷರಗಳಿದ್ದುವು. ನಮ್ಮ ಮನೆಯವರಿಗೂ ಹೇಳಿರಲಿಲ್ಲ. ಇನ್ನು ಭಯವೇನೆಂದು ನೆಮ್ಮದಿಯಾಗಿದ್ದೆವು.

ಕಳೆದ ಆಷಾಢದಲ್ಲಿ ಒಂದು ಸಂಜೆ ವಿದ್ಯುತ್ತು ನಾಲ್ಕೈದು ಬಾರಿ ಹೋಗಿ ಬಂದಿತು. ಮಾರನೆಯ ದಿನ ಬೆಳಗ್ಗೆ ಯಂತ್ರವು ಏಳಲಿಲ್ಲ. ಪರದೆಯ ಮೇಲೆ ಬಿಳಿಯ ಅಕ್ಷರಗಳ ಒಂದು ಸಾಲು ಮೂಡಿ ಅಲ್ಲಿಯೇ ನಿಂತಿತು. ಹಿಂದೆ ನಮ್ಮಲ್ಲಿ ಶಬ್ದರೂಪಗಳನ್ನು ಬಾಯಿಪಾಠಮಾಡಿದ ಹುಡುಗನೊಬ್ಬನು ಈಗ ಪೇಟೆಯಲ್ಲಿ ಗಣಕಯಂತ್ರಗಳನ್ನು ರಿಪೇರಿ ಮಾಡುವ ಅಂಗಡಿಯನ್ನಿಟ್ಟಿದ್ದಾನೆ. ಅವನಲ್ಲಿಗೆ ಯಂತ್ರವನ್ನು ಕಳುಹಿಸಿದೆವು. ಎರಡು ದಿನಗಳ ಮೇಲೆ ಹೋದಾಗ, “ವಿಂಡೋಸ್ ಕೆಟ್ಟಿತ್ತು ಮೇಷ್ಟ್ರೇ, ಹೊಸದಾಗಿ ಹಾಕಿದ್ದೇನೆ. ನಿಮ್ಮ ಫೈಲುಗಳು ಒಂದೂ ಹೋಗಿಲ್ಲ. ಮೊದಲೇ ತೆಗೆದು ಬೇರೆ ಕಡೆ ಇಟ್ಟುಕೊಂಡು ಆಮೇಲೆ ತುಂಬಿದೆ” ಎಂದನು. ನಮಗಾದ ಸಂತೋಷವನ್ನು ಹೇಳಲಾರೆವು. ಮಜೂರಿಯನ್ನು ಬೇಡವೆಂದವನ ಜೇಬಿಗೆ ಬಲವಂತವಾಗಿ ಹಣವನ್ನಿಟ್ಟು ಮನೆಗೆ ಬಂದೆವು.

ಆ ವಾರದ ಸಂತೆಗೆ ಪಾವಗಡದ ಕಡೆಯ ಆ ತಾಯಿ ಬಂದಿದ್ದರು. ನಡೆದುದನ್ನೆಲ್ಲ ಹೇಳಿ, “ನಿಮ್ಮ ಕಾಗದಗಳು ಉಳಿದುವಮ್ಮ” ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನನ್ನ ಪಾಸ್‌ಬುಕ್ಕನ್ನು ಆ ಅಂಗಡಿಯವರು ನೋಡಿದರಾ ಮೇಷ್ಟ್ರೇ?” ಎಂದು ಕೇಳಿದರು.

ನಾವು ಉತ್ತರ ಕೊಡಲಾರದೆ ಹೋದೆವು. ಆ ಹುಡುಗನು ನಮ್ಮನ್ನು ಗುಪ್ತಪದವನ್ನು ಕೇಳಿಯೇ ಇರಲಿಲ್ಲವೆಂಬುದು ನಮಗೆ ಆಗ ಹೊಳೆಯಿತು.

ಮಾರನೆಯ ದಿನವೇ ಅಂಗಡಿಗೆ ಹೋಗಿ, “ಏನಪ್ಪಾ, ಬೀಗದ ಕೈಯಿಲ್ಲದೆ ನಮ್ಮ ಮನೆಯ ಬಾಗಿಲನ್ನು ಹೇಗೆ ತೆರೆದೆ?” ಎಂದು ಕೇಳಿದೆವು. ಅವನು ನಕ್ಕು, ಮೂಲೆಯಲ್ಲಿದ್ದ ಯಂತ್ರವೊಂದನ್ನು ಎಳೆದುಕೊಂಡನು. ಹೆಬ್ಬೆರಳಿನಷ್ಟು ದಪ್ಪದ ಪೆನ್ ಡ್ರೈವೊಂದನ್ನು ಅದಕ್ಕೆ ಸಿಕ್ಕಿಸಿ, ಗುಂಡಿಯನ್ನೊತ್ತಿ, ಒಡನೆಯೇ ಕೀಲಿಮಣೆಯ ಮೇಲಿನ ಸಾಲಿನ ಒಂದು ಕೀಲಿಯನ್ನು ಪಟಪಟನೆ ತಟ್ಟಿದನು. ಪರದೆಯ ಮೇಲೆ ನಾಲ್ಕೈದು ಸಾಲುಗಳ ಒಂದು ಪಟ್ಟಿ ಬಂದಿತು. ಅದರಲ್ಲಿ ಪೆನ್ ಡ್ರೈವಿನ ಹೆಸರನ್ನು ಆರಿಸಿದನು. ಎರಡು ನಿಮಿಷಗಳೊಳಗೆ ಬೇರೊಂದು ಬಣ್ಣದ, ಬೇರೊಂದು ರೂಪದ ವ್ಯವಸ್ಥೆಯು ಎದ್ದು ನಿಂತಿತು. ಯಂತ್ರದೊಳಗಿನ ಹಾರ್ಡ್ ಡಿಸ್ಕಿನ ಚಿತ್ರವನ್ನು ಅವನು ಒತ್ತಲು, ಅದರಲ್ಲಿದ್ದ ಕಡತಗಳೆಲ್ಲವೂ ಸಂತೆಯ ತರಕಾರಿಯಂತೆ ಕಣ್ಣೆದುರಿಗೆ ಹರಡಿಕೊಂಡುವು. ನೀನು ಯಾರೆಂದು ಕೇಳಿದವರಿಲ್ಲ. “ಪಾಸ್‌ವರ್ಡ್ ಕೇಳುವುದು ವಿಂಡೋಸ್ ಮೇಷ್ಟ್ರೇ. ಅದನ್ನು ನಾನು ಎಬ್ಬಿಸಲೇ ಇಲ್ಲವಲ್ಲ!” ಎಂದನು.

ಅವನು ಪ್ರಾಮಾಣಿಕನು, ಬೇಕಾದಷ್ಟನ್ನು ಮಾತ್ರ ಮಾಡಿದ್ದನು. ತನ್ನಲ್ಲಿ ಉಳಿದಿದ್ದ ನಕಲನ್ನೂ ನಮ್ಮೆದುರಿಗೇ ಅಳಿಸಿದನು. ಆದರೆ ನಮ್ಮ ಭದ್ರತೆಯೆಲ್ಲವೂ ಅವನ ಪ್ರಾಮಾಣಿಕತೆಯೊಂದರ ಮೇಲೆಯೇ ನಿಂತಿತ್ತೆಂಬುದು ಆ ಹೊತ್ತು ನಮಗೆ ಮನದಟ್ಟಾಯಿತು. ವಾಚಕರ ಮನೆಗಳಲ್ಲಿಯೂ ಇಂತಹ ಯಂತ್ರಗಳಿರುವುವಾದುದರಿಂದ, ಶಿಷ್ಯನಿಂದ ನಾವು ಕಲಿತ ಪಾಠವನ್ನು ಇಲ್ಲಿ ಒಪ್ಪಿಸುತ್ತೇವೆ.

ಗಣಕಯಂತ್ರವನ್ನು ಎಬ್ಬಿಸುವುದಕ್ಕೆ ಇಂಗ್ಲಿಷಿನವರು ಬೂಟ್ ಎನ್ನುತ್ತಾರೆ. ನಮ್ಮ ಮನೆಯವರು, “ಕಾಲಿಗೆ ಹಾಕುವ ಬೂಟಿಗೂ ಇದಕ್ಕೂ ಏನು ಸಂಬಂಧ?” ಎಂದು ಕೇಳಿದರು. ಸಂಬಂಧವುಂಟು. ತನ್ನ ಬೂಟಿನ ಹಿಂಬದಿಯ ಪಟ್ಟಿಯನ್ನು ತಾನೇ ಹಿಡಿದೆತ್ತಿ ತನ್ನನ್ನು ತಾನು ಮೇಲೆತ್ತಿಕೊಳ್ಳುವುದೆಂಬ ಮಾತು ಅವರಲ್ಲುಂಟು. ಯಂತ್ರವನ್ನು ನಡೆಸಬೇಕಾದ ಕ್ರಮವಿಧಿಯು ಡಿಸ್ಕಿನಲ್ಲಿ ಮಲಗಿರುತ್ತದೆ. ಅದನ್ನು ಎತ್ತಿ ತರಬೇಕಾದರೆ ಯಂತ್ರವು ಆಗಲೇ ನಡೆಯುತ್ತಿರಬೇಕು. ಈ ತೊಡಕನ್ನು ಬಿಡಿಸುವುದಕ್ಕಾಗಿ, ಯಂತ್ರದ ಮೂಲಫಲಕದ ಮೇಲೆ ಸಣ್ಣದೊಂದು ಚಿಪ್ಪಿನಲ್ಲಿ ಚಿಕ್ಕ ಕ್ರಮವಿಧಿಯೊಂದನ್ನು ನೆಲೆಯಾಗಿ ಇಟ್ಟಿರುತ್ತಾರೆ. ಅದಕ್ಕೆ ಹಳೆಯ ಯಂತ್ರಗಳಲ್ಲಿ ಬಯಾಸ್ ಎಂದೂ ಈಚಿನವುಗಳಲ್ಲಿ ಯುಇಎಫ್‌ಐ ಎಂದೂ ಹೆಸರು. ಗುಂಡಿಯನ್ನೊತ್ತಿದೊಡನೆ ಮೊದಲು ಏಳುವುದು ಇದು. ಮನೆಯಲ್ಲಿ ಎಲ್ಲರಿಗಿಂತ ಮೊದಲೆದ್ದು ಒಲೆ ಹಚ್ಚಿ ಉಳಿದವರನ್ನು ಎಬ್ಬಿಸುವ ಗೃಹಿಣಿಯಂತೆ, ಇದು ಅಂಗಾಂಗಗಳನ್ನು ಪರೀಕ್ಷಿಸಿ, ಯಾವ ಡಿಸ್ಕಿನಿಂದ ದೊಡ್ಡ ವ್ಯವಸ್ಥೆಯನ್ನು ತರಬೇಕೆಂಬುದನ್ನು ನೋಡಿ, ಅದನ್ನು ಎಬ್ಬಿಸಿ, ಯಜಮಾನಿಕೆಯನ್ನು ಒಪ್ಪಿಸಿ ಹಿಂದೆ ಸರಿಯುತ್ತದೆ.

ಯಾವುದನ್ನು ಎಬ್ಬಿಸಬೇಕೆಂದು ಆರಿಸಿಕೊಳ್ಳುವ ಪಟ್ಟಿಯೇ ಬೂಟ್ ಮೆನು. ಹೋಟೆಲಿನ ತಿಂಡಿಯ ಪಟ್ಟಿಗೂ ಮೆನು ಎನ್ನುವರಲ್ಲವೆ? ಹಾಗೆಯೇ ಇದು. ಡೆಲ್, ಲೆನೋವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್ ೧೨ ಎಂಬ ಕೀಲಿಯೂ, ಎಚ್‌ಪಿ ಯಂತ್ರಗಳಲ್ಲಿ ಎಫ್ ೯ ಕೀಲಿಯೂ, ಏಸಸ್ ಯಂತ್ರಗಳಲ್ಲಿ ಎಸ್ಕೇಪ್ ಅಥವಾ ಎಫ್ ೮ ಕೀಲಿಯೂ ಈ ಪಟ್ಟಿಯನ್ನು ತೆರೆಯುತ್ತವೆ. ಇದೇನೂ ರಹಸ್ಯವಲ್ಲ, ಯಂತ್ರದ ಕೈಪಿಡಿಯಲ್ಲಿಯೇ ಬರೆದಿರುತ್ತದೆ. ನಮ್ಮ ಹದಿನಾಲ್ಕಕ್ಷರದ ಗುಪ್ತಪದವು ವಿಂಡೋಸಿನ ಹೆಬ್ಬಾಗಿಲಿನಲ್ಲಿ ಕಾವಲು ನಿಂತಿತ್ತು. ಆದರೆ ಹೆಬ್ಬಾಗಿಲಿನವರೆಗೆ ಬಾರದೆಯೇ, ಪಕ್ಕದಲ್ಲಿದ್ದ ಈ ಸಣ್ಣ ಬಾಗಿಲಿನಿಂದ ಒಳಗೆ ಹೋಗಬಹುದಾಗಿತ್ತು.

ಮಧುಗಿರಿಯವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಸಮುದ್ರಮಟ್ಟದಿಂದ ಸುಮಾರು ೩,೯೦೦ ಅಡಿ ಎತ್ತರದ ನಮ್ಮ ಏಕಶಿಲೆಯ ಬೆಟ್ಟವನ್ನು ಹತ್ತಿದವರು ಕೋಟೆಯ ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ಮೈಸೂರು ಬಾಗಿಲು ಎಂಬ ಹೆಸರುಗಳನ್ನು ಕೇಳಿಯೇ ಇರುವರು. ದಿಡ್ಡಿಯೆಂದರೆ ದೊಡ್ಡ ಬಾಗಿಲನ್ನು ತೆರೆಯದೆ ಒಬ್ಬಿಬ್ಬರು ಬಂದುಹೋಗುವುದಕ್ಕಾಗಿ ಇಟ್ಟ ಚಿಕ್ಕ ಬಾಗಿಲು. ಅದಿಲ್ಲದೆ ಕೋಟೆಯ ದಿನಚರಿ ನಡೆಯದು; ಅದಕ್ಕೆ ಕಾವಲಿಲ್ಲದಿದ್ದರೆ ಕೋಟೆಯೇ ಉಳಿಯದು.

ಈ ಕೋಟೆಯಲ್ಲಿ ಸೆರೆಯಿದ್ದ ರಾಣಿಯೊಬ್ಬರ ಕಥೆಯೂ ಇದೇ ನೀತಿಯನ್ನು ಹೇಳುತ್ತದೆ. ೧೭೬೩ರಲ್ಲಿ ಹೈದರಾಲಿಯು ಕೆಳದಿಯ ಅರಸರ ರಾಜಧಾನಿಯಾದ ಬಿದನೂರಿನ ಮೇಲೆ ದಂಡೆತ್ತಿ ಹೋದನು. ಕಾಡು, ಬೆಟ್ಟ, ಕಾವಲುಗಳಿಂದ ಆ ನಗರವು ದುರ್ಗಮವೆನಿಸಿತ್ತು. ಹಿಂದೆ ಆ ಸಂಸ್ಥಾನದಲ್ಲಿ ಮಂತ್ರಿಯಾಗಿದ್ದ ಲಿಂಗಣ್ಣನೆಂಬಾತನು ಹೈದರನಿಗೆ ಗುಪ್ತವಾದ ಒಳದಾರಿಯೊಂದನ್ನು ತೋರಿಸಿಕೊಟ್ಟನು. ಸೈನ್ಯದ ಒಂದು ಭಾಗವು ಎದುರಿನ ಕಾವಲುಗಳ ಮೇಲೆ ಬಿದ್ದು ಗದ್ದಲವೆಬ್ಬಿಸುತ್ತಿರಲು, ಮತ್ತೊಂದು ಭಾಗವು ಆ ದಾರಿಯಿಂದ ನಗರವನ್ನು ಹೊಕ್ಕಿತು. ರಾಣಿ ವೀರಮ್ಮಾಜಿಯವರು ಬಲ್ಲಾಳರಾಯನ ದುರ್ಗಕ್ಕೆ ಹೊರಟುಹೋದರೂ ಕೊನೆಗೆ ಸೆರೆಸಿಕ್ಕಿ ಮಧುಗಿರಿಗೆ ತರಲ್ಪಟ್ಟರು. ೧೭೬೭ರಲ್ಲಿ ಮರಾಠರು ಮಧುಗಿರಿಯನ್ನು ಹಿಡಿದಾಗಲೇ ಅವರಿಗೆ ಬಿಡುಗಡೆಯಾದುದು. ಬಿದನೂರಿನ ಹೆಬ್ಬಾಗಿಲುಗಳು ದುರ್ಬಲವಾಗಿದ್ದುವೆಂದು ಯಾರೂ ಹೇಳುವುದಿಲ್ಲ. ಅವುಗಳನ್ನು ಒಡೆಯುವ ಆವಶ್ಯಕತೆಯೇ ಬೀಳಲಿಲ್ಲ, ಅಷ್ಟೆ.

ಗಣಕಯಂತ್ರಗಳ ಚರಿತ್ರೆಯೂ ಹೀಗೆಯೇ ಮೊದಲಾಯಿತು. ಅಮೆರಿಕಾ ದೇಶದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ೧೯೬೧ರಲ್ಲಿ ಕೊರ್ಬಾಟೊ ಎಂಬ ಪಂಡಿತರ ನೇತೃತ್ವದಲ್ಲಿ, ಒಂದೇ ಯಂತ್ರವನ್ನು ಅನೇಕರು ಹಂಚಿಕೊಂಡು ಬಳಸುವ ವ್ಯವಸ್ಥೆಯೊಂದು ಸಿದ್ಧವಾಯಿತು. ಒಬ್ಬರ ಕಡತವು ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂದು ಪ್ರತಿಯೊಬ್ಬರಿಗೂ ಒಂದೊಂದು ಗುಪ್ತಪದವನ್ನು ಕೊಟ್ಟರು. ಮಾರನೆಯ ವರ್ಷವೇ ಆಲನ್ ಶೆರ್ ಎಂಬ ವಿದ್ಯಾರ್ಥಿಯು, ತನಗೆ ಯಂತ್ರದ ಕಾಲವು ಸಾಲದೆ ಬಂದುದರಿಂದ, ಎಲ್ಲರ ಗುಪ್ತಪದಗಳೂ ಇದ್ದ ಕಡತವನ್ನೇ ಅಚ್ಚುಹಾಕಿ ಕೊಡಬೇಕೆಂದು ರಂಧ್ರಪತ್ರವೊಂದರ ಮೂಲಕ ಯಂತ್ರವನ್ನು ಕೇಳಿಕೊಂಡನು. ಯಂತ್ರವು ವಿಧೇಯವಾಗಿ ಅಚ್ಚುಹಾಕಿ ಕೊಟ್ಟಿತು! ಅವನು ಯಾರ ಗುಪ್ತಪದವನ್ನೂ ಊಹಿಸಲಿಲ್ಲ, ಯಾವ ಬೀಗವನ್ನೂ ಮುರಿಯಲಿಲ್ಲ. ಬೀಗವಿಲ್ಲದ ದಾರಿಯನ್ನು ಹುಡುಕಿದನು.

ನಮ್ಮ ಮನಸ್ಸನ್ನು ಹೆಚ್ಚಾಗಿ ಕಾಡಿದುದು ಯಂತ್ರದ ವಿಚಾರವಲ್ಲ, ಧರ್ಮದ ವಿಚಾರ. ನಂಬಿಕೆಯಿಂದ ಒಬ್ಬರ ಬಳಿ ಇಟ್ಟ ವಸ್ತುವಿಗೆ ನಿಕ್ಷೇಪವೆಂದು ಹೆಸರು. ಮನುಸ್ಮೃತಿಯು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಸಾಲದ ತರುವಾಯ ಎರಡನೆಯದೇ ಇದು. ಕರಡಿಗೆಯಲ್ಲಿಟ್ಟು, ಒಳಗಿರುವುದು ಏನೆಂದು ಹೇಳದೆ ಇನ್ನೊಬ್ಬರ ಕೈಯಲ್ಲಿ ಕೊಟ್ಟುದನ್ನು ಯಾಜ್ಞವಲ್ಕ್ಯಸ್ಮೃತಿಯು ಉಪನಿಧಿಯೆಂದು ಕರೆಯುತ್ತದೆ. ಅದನ್ನು ಕೊಟ್ಟಂತೆಯೇ ಹಿಂದಕ್ಕೆ ಒಪ್ಪಿಸತಕ್ಕದ್ದು. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರರು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವರು. ರಾಜನು, ದೈವವು, ಕಳ್ಳರು, ಇವರಿಂದ ಅಂತಹ ವಸ್ತುವು ಹೋದರೆ ಇಟ್ಟುಕೊಂಡವನು ತೆರಬೇಕಾದುದಿಲ್ಲವೆಂದು ಸ್ಮೃತಿಯು ವಿನಾಯಿತಿಯನ್ನು ಕೊಡುತ್ತದೆ. ಆದರೆ ಹೆಬ್ಬಾಗಿಲಿಗೆ ಹದಿನಾಲ್ಕು ಅಕ್ಷರಗಳ ಬೀಗವನ್ನು ಹಾಕಿ ದಿಡ್ಡಿಬಾಗಿಲನ್ನು ಹಾರುಹೊಡೆದಿಟ್ಟವನಿಗೆ ಆ ವಿನಾಯಿತಿಯುಂಟೆ? ಪರರ ನಿಕ್ಷೇಪವನ್ನಿಟ್ಟುಕೊಂಡಿದ್ದ ನಾವು ಅದನ್ನು ಬೀಗವಿಲ್ಲದ ಪೆಟ್ಟಿಗೆಯಲ್ಲಿ ಮತ್ತೊಬ್ಬರ ಕೈಗೆ ದಾಟಿಸಿದ್ದೆವು. ಯಜಮಾನನ ಅನುಮತಿಯಿಲ್ಲದೆ ಇನ್ನೊಬ್ಬರ ಯಂತ್ರದೊಳಗಣ ಮಾಹಿತಿಯನ್ನು ವಂಚನೆಯ ಬುದ್ಧಿಯಿಂದ ತೆಗೆಯುವವರಿಗೆ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೪೩ ಮತ್ತು ೬೬ನೆಯ ಪ್ರಕರಣಗಳು ಮೂರು ವರ್ಷಗಳವರೆಗೆ ಕಾರಾಗೃಹವನ್ನು, ಇಲ್ಲವೆ ಐದು ಲಕ್ಷ ರೂಪಾಯಿಗಳವರೆಗೆ ದಂಡವನ್ನು, ಅಥವಾ ಎರಡನ್ನೂ ವಿಧಿಸುತ್ತವೆ. ಅದು ಕದ್ದವನಿಗಾಯಿತು. ಬಾಗಿಲನ್ನು ಮುಚ್ಚುವ ಕೆಲಸ ನಮ್ಮದೇ.

ಇನ್ನು ಮಾಡತಕ್ಕುದೇನೆಂಬುದನ್ನು ಕ್ರಮವಾಗಿ ಹೇಳುತ್ತೇವೆ. ಆತುರಪಡದೆ, ಅನುಭವವುಳ್ಳ ಒಬ್ಬರನ್ನು ಪಕ್ಕದಲ್ಲಿಟ್ಟುಕೊಂಡು ಮಾಡುವುದು ಒಳ್ಳೆಯದು.

ಮೊದಲನೆಯದಾಗಿ, ಮುಖ್ಯವಾದ ಕಡತಗಳ ನಕಲನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದು ಪೆಟ್ಟಿಗೆಯಲ್ಲಿಡಿ. ಈಚಿನ ವಿಂಡೋಸ್ ಯಂತ್ರಗಳು ಅನೇಕವು ತಮ್ಮ ಡಿಸ್ಕನ್ನು ತಾವಾಗಿಯೇ ಗೂಢಲಿಪಿಗೆ ತಿರುಗಿಸಿಕೊಂಡಿರುತ್ತವೆ. ಬಿಟ್‌ಲಾಕರ್ ಎಂಬುದು ಆ ಏರ್ಪಾಡಿನ ಹೆಸರು. ಅಂತಹ ಯಂತ್ರದ ಆರಂಭದ ವ್ಯವಸ್ಥೆಯನ್ನು ಬದಲಾಯಿಸಿದರೆ, ಯಂತ್ರವು ಸಂಶಯಪಟ್ಟು ೪೮ ಅಂಕೆಗಳ ಪುನಃಪ್ರಾಪ್ತಿಯ ಸಂಖ್ಯೆಯೊಂದನ್ನು ಕೇಳುವುದುಂಟು. ಆ ಸಂಖ್ಯೆಯು ಕೈಯಲ್ಲಿಲ್ಲದಿದ್ದರೆ ಯಜಮಾನನೇ ಹೊರಗೆ ನಿಲ್ಲಬೇಕಾಗುತ್ತದೆ. ಆದುದರಿಂದ ಅದನ್ನು ಮೊದಲು ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಂಡಲ್ಲದೆ ಮುಂದಕ್ಕೆ ಹೋಗಬಾರದು.

ಎರಡನೆಯದಾಗಿ, ಯಂತ್ರವನ್ನು ಆರಂಭಿಸುವಾಗ ಎಫ್ ೨, ಡಿಲೀಟ್ ಅಥವಾ ಎಫ್ ೧೦ ಕೀಲಿಯನ್ನು ತಟ್ಟಿದರೆ ಮೂಲವ್ಯವಸ್ಥೆಯ ಪುಟವು ತೆರೆಯುತ್ತದೆ. ಯಾವ ಕೀಲಿಯೆಂಬುದು ತಯಾರಕರನ್ನನುಸರಿಸಿ ಬೇರೆ. ಅದರಲ್ಲಿ ಸೆಕ್ಯೂರಿಟಿ ಎಂಬ ಭಾಗದಲ್ಲಿ ಅಡ್ಮಿನಿಸ್ಟ್ರೇಟರ್ ಅಥವಾ ಸೂಪರ್‌ವೈಸರ್ ಪಾಸ್‌ವರ್ಡ್ ಎಂದು ಇರುವಲ್ಲಿ ಗುಪ್ತಪದವನ್ನಿಡಬೇಕು. ಇದು ದಿಡ್ಡಿಬಾಗಿಲಿನ ಬೀಗ. ಇದರ ಜತೆಯಲ್ಲಿಯೇ ಯೂಸರ್ ಅಥವಾ ಪವರ್ ಆನ್ ಪಾಸ್‌ವರ್ಡ್ ಎಂಬ ಇನ್ನೊಂದಿರುವುದು. ಅದನ್ನಿಟ್ಟರೆ ಯಂತ್ರವು ಪ್ರತಿಸಲ ಏಳುವಾಗಲೂ ಕೇಳುತ್ತದೆ. ಎಲ್ಲರೂ ಬಳಸುವ ಮನೆಯ ಯಂತ್ರಕ್ಕೆ ಇದು ತೊಂದರೆಯೆನಿಸಬಹುದು. ಊರಿಂದೂರಿಗೆ ಒಯ್ಯುವ ಲ್ಯಾಪ್‌ಟಾಪಿಗೆ ಉಚಿತವಾದುದು.

ಮೂರನೆಯದಾಗಿ, ಬೂಟ್ ಎಂಬ ಭಾಗಕ್ಕೆ ಹೋಗಿ, ಒಳಗಿನ ಡಿಸ್ಕೇ ಮೊದಲಿರುವಂತೆ ಕ್ರಮವನ್ನು ಹೊಂದಿಸಿ, ಯುಎಸ್‌ಬಿ ಅಂದರೆ ಪೆನ್ ಡ್ರೈವಿನಿಂದ ಏಳುವುದನ್ನು ನಿಲ್ಲಿಸಬೇಕು. ಎಫ್ ೧೨ರ ಪಟ್ಟಿಯನ್ನೇ ಮುಚ್ಚುವ ಸೌಕರ್ಯವೂ ಕೆಲವು ಯಂತ್ರಗಳಲ್ಲುಂಟು. ಸೆಕ್ಯೂರ್ ಬೂಟ್ ಎಂಬುದೊಂದು ಇರುವುದಲ್ಲಾ, ಅದು ಸಾಲದೆ ಎಂದು ಕೆಲವರು ಕೇಳಬಹುದು. ಅದು ರುಜುವಿಲ್ಲದ ಕ್ರಮವಿಧಿಗಳನ್ನು ತಡೆಯುತ್ತದೆಯೇ ಹೊರತು, ಉಬುಂಟುವಿನಂತೆ ಮಾನ್ಯವಾದ ರುಜುವುಳ್ಳ ವ್ಯವಸ್ಥೆಯು ಪೆನ್ ಡ್ರೈವಿನಿಂದ ಬಂದರೆ ಬಾಗಿಲನ್ನು ತೆರೆದೇ ತೆರೆಯುತ್ತದೆ.

ನಾಲ್ಕನೆಯದಾಗಿ, ಮಾಡಿದುದನ್ನು ಪರೀಕ್ಷಿಸಬೇಕು. ಗುಪ್ತಪದವನ್ನಿಟ್ಟ ಮಾತ್ರಕ್ಕೆ ಎಲ್ಲ ಯಂತ್ರಗಳೂ ಬೂಟ್ ಮೆನುವಿನ ಬಳಿ ಅದನ್ನು ಕೇಳುವುದಿಲ್ಲ. ಕೆಲವು ಮೂಲವ್ಯವಸ್ಥೆಯ ಪುಟವನ್ನು ಮಾತ್ರ ಕಾಯ್ದು, ಪಟ್ಟಿಯನ್ನು ತೆರೆದೇ ಇಡುತ್ತವೆ. ಆದುದರಿಂದ ನೀವೇ ಅಪರಿಚಿತರಂತೆ ಪೆನ್ ಡ್ರೈವನ್ನು ಸಿಕ್ಕಿಸಿ ಆ ಕೀಲಿಯನ್ನು ತಟ್ಟಿನೋಡಿ. ಮಲಗುವ ಮುಂಚೆ ಹಿತ್ತಿಲ ಬಾಗಿಲಿನ ಅಗುಳಿಯನ್ನು ಎಳೆದು ನೋಡುವ ಅಭ್ಯಾಸವು ನಮ್ಮ ಮನೆಗಳಲ್ಲಿ ಇದ್ದೇ ಇದೆಯಷ್ಟೆ.

ಒಂದೇ ಯಂತ್ರದಲ್ಲಿ ವಿಂಡೋಸನ್ನೂ ಉಬುಂಟುವನ್ನೂ ಇಟ್ಟಿರುವ ಮನೆಗಳೂ ಪಾಠಶಾಲೆಗಳೂ ಉಂಟು. ಅಲ್ಲಿ ಗ್ರಬ್ ಎಂಬ ಇನ್ನೊಂದು ಪಟ್ಟಿಯು ಬರುತ್ತದೆ. ಅದರಲ್ಲಿ ರಿಕವರಿ ಎಂಬುದನ್ನಾರಿಸಿದರೆ, ಸಾಮಾನ್ಯವಾಗಿ ಉಬುಂಟುವಿನಲ್ಲಿ ಗುಪ್ತಪದವಿಲ್ಲದೆಯೇ ಸರ್ವಾಧಿಕಾರವು ಕೈಗೆ ಬರುತ್ತದೆ. ‘ಇ’ ಎಂಬ ಕೀಲಿಯನ್ನೊತ್ತಿ ಪಟ್ಟಿಯ ಸಾಲುಗಳನ್ನೇ ತಿದ್ದಿ ಅದೇ ಅಧಿಕಾರವನ್ನು ಪಡೆಯುವುದೂ ಸಾಧ್ಯ. ಬಾಲಕರ ಕುತೂಹಲವು ಕಳ್ಳತನವಲ್ಲ; ಆದರೆ ತೆರೆದ ಬಾಗಿಲಿನ ಮುಂದೆ ಬಾಲಕನನ್ನು ನಿಲ್ಲಿಸಿ ಇಣುಕಬೇಡವೆನ್ನುವುದು ಉಪಾಧ್ಯಾಯನ ಲಕ್ಷಣವಲ್ಲ. ಗ್ರಬ್ಬಿಗೂ ಒಬ್ಬ ಅಧಿಕಾರಿಯ ಹೆಸರನ್ನೂ ಗುಪ್ತಪದವನ್ನೂ ಕೊಡಬಹುದು. ಗುಪ್ತಪದವನ್ನು ಇದ್ದಂತೆಯೇ ಬರೆದಿಡದೆ, ಅದರ ಜತೆಯಲ್ಲಿಯೇ ಬರುವ ಸಣ್ಣ ಸಾಧನದಿಂದ ಅದನ್ನು ದೀರ್ಘವಾದ ಅಕ್ಷರಸಾಲಾಗಿ ಮಾರ್ಪಡಿಸಿ ಇಡುತ್ತಾರೆ. ಹಿಟ್ಟಿನಿಂದ ರಾಗಿಯ ಕಾಳನ್ನು ಮರಳಿ ಪಡೆಯಲಾಗದಂತೆ, ಆ ಸಾಲಿನಿಂದ ಗುಪ್ತಪದವನ್ನು ಮರಳಿ ಪಡೆಯುವುದು ಬಹು ಕಷ್ಟ. ನಿತ್ಯದ ಸಾಲುಗಳು ಎಲ್ಲರಿಗೂ ತೆರೆಯುವಂತೆಯೂ, ತಿದ್ದುವುದಕ್ಕೆ ಮತ್ತು ರಿಕವರಿಗೆ ಮಾತ್ರ ಗುಪ್ತಪದವನ್ನು ಕೇಳುವಂತೆಯೂ ಏರ್ಪಡಿಸಬಹುದು. ಪಾಠಶಾಲೆಗೆ ಇದೇ ಉಚಿತ.

ಬೀಗವಿದ್ದರೂ ಅದರ ಯೋಗಕ್ಷೇಮವನ್ನು ನೋಡುತ್ತಿರಬೇಕು. ೨೦೧೫ನೆಯ ಡಿಸೆಂಬರಿನಲ್ಲಿ ಸ್ಪೇನ್ ದೇಶದ ವಾಲೆನ್ಸಿಯಾ ನಗರದ ಇಬ್ಬರು ಸಂಶೋಧಕರು, ಹೆಕ್ಟರ್ ಮಾರ್ಕೊ ಮತ್ತು ಇಸ್ಮಾಯೆಲ್ ರಿಪೋಲ್ ಎಂಬವರು, ಒಂದು ಸೋಜಿಗವನ್ನು ಪ್ರಕಟಿಸಿದರು. ಗ್ರಬ್ ಹೆಸರನ್ನು ಕೇಳುವ ಕಡೆ ಅಳಿಸುವ ಕೀಲಿಯನ್ನು ಸರಿಯಾಗಿ ೨೮ ಬಾರಿ ಒತ್ತಿದರೆ ಬೀಗವು ತಾನಾಗಿಯೇ ಬಿಟ್ಟುಕೊಳ್ಳುತ್ತಿತ್ತು! ೨೦೦೯ರಿಂದ ಬಂದಿದ್ದ ಆವೃತ್ತಿಗಳಲ್ಲೆಲ್ಲ ಆ ದೋಷವು ಅಡಗಿದ್ದಿತು. ಆ ದೋಷವನ್ನು ಕೂಡಲೇ ಸರಿಪಡಿಸಿದರು. ಆದರೆ ಕಾಲಕಾಲಕ್ಕೆ ಬರುವ ತಿದ್ದುಪಡಿಗಳನ್ನು ಹಾಕಿಕೊಳ್ಳದವರ ಯಂತ್ರದಲ್ಲಿ ತಿದ್ದಿದ ದೋಷವೂ ಉಳಿದೇ ಇರುತ್ತದೆ.

ಇಷ್ಟು ಮಾಡಿದರೆ ಸಾಕೆ? ಸಾಲದೆಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಮೇಜಿನ ಮೇಲಿಡುವ ಯಂತ್ರಗಳೊಳಗೆ ರೂಪಾಯಿ ನಾಣ್ಯದಂತಹ ಒಂದು ಬಿಲ್ಲೆಯ ಬ್ಯಾಟರಿಯಿರುತ್ತದೆ. ಹಳೆಯ ಯಂತ್ರಗಳು ಅನೇಕವುಗಳಲ್ಲಿ ಅದನ್ನು ಸ್ವಲ್ಪಹೊತ್ತು ತೆಗೆದಿಟ್ಟರೆ ಬಯಾಸಿನ ಗುಪ್ತಪದವು ಮರೆತುಹೋಗುತ್ತದೆ. ಅದೂ ಬೇಡ, ನಾಲ್ಕು ತಿರುಪುಗಳನ್ನು ಬಿಚ್ಚಿ ಡಿಸ್ಕನ್ನೇ ತೆಗೆದು ಬೇರೊಂದು ಯಂತ್ರಕ್ಕೆ ಜೋಡಿಸಿದರೆ ನಮ್ಮ ಬಾಗಿಲುಗಳೆಲ್ಲವೂ ವ್ಯರ್ಥ. ದಿಡ್ಡಿಬಾಗಿಲಿನ ಬೀಗವು ಅರ್ಧ ಗಂಟೆ ಏಕಾಂತದಲ್ಲಿ ಸಿಕ್ಕಿದವನನ್ನು, ನೆಂಟರ ಮನೆಯ ತುಂಟನನ್ನು, ಕಚೇರಿಯ ಕುತೂಹ‌ಲಿಯನ್ನು ತಡೆಯುತ್ತದೆ. ಯಂತ್ರವನ್ನೇ ಹೊತ್ತುಕೊಂಡು ಹೋದವನನ್ನು ತಡೆಯುವುದು ಗೂಢಲಿಪಿಯೊಂದೇ. ವಿಂಡೋಸಿನಲ್ಲಿ ಬಿಟ್‌ಲಾಕರ್, ಉಬುಂಟುವಿನಲ್ಲಿ ಲಕ್ಸ್ ಎಂಬುವು ಇದಕ್ಕಾಗಿ ಇವೆ. ಇವುಗಳಿಂದ ಡಿಸ್ಕಿನ ಮೇಲಿನ ಬರಹವೆಲ್ಲವೂ ಗುಪ್ತಸಂಖ್ಯೆಯಿಲ್ಲದವನಿಗೆ ಅರ್ಥರಹಿತವಾದ ಅಕ್ಷರರಾಶಿಯಾಗುತ್ತದೆ. ಬಾಗಿಲಿಗೆ ಬೀಗ, ಒಳಗಿನ ತಿಜೋರಿಗೆ ಬೇರೆಯ ಬೀಗ, ಈ ಎರಡೂ ಇದ್ದಾಗಲೇ ನಿಶ್ಚಿಂತೆ.

ಇದಕ್ಕೆ ವಿರುದ್ಧವಾದ ಅಪಾಯವೊಂದುಂಟು, ಅದು ಮರೆವು. ಲ್ಯಾಪ್‌ಟಾಪುಗಳಲ್ಲಿ ಮೂಲವ್ಯವಸ್ಥೆಯ ಗುಪ್ತಪದವು ಬ್ಯಾಟರಿಯನ್ನು ತೆಗೆದರೂ ಸಾಮಾನ್ಯವಾಗಿ ಅಳಿಯುವುದಿಲ್ಲ. ಅದನ್ನು ಮರೆತವರು ಕೊಂಡ ರಸೀತಿಯನ್ನು ಹಿಡಿದುಕೊಂಡು ತಯಾರಕರನ್ನು ಬೇಡಬೇಕಾಗುತ್ತದೆ. ಕೆಲವು ವೇಳೆ ಮೂಲಫಲಕವನ್ನೇ ಬದಲಾಯಿಸಬೇಕಾಗುತ್ತದೆ. ಗೂಢಲಿಪಿಯ ಸಂಖ್ಯೆಯೂ ಗುಪ್ತಪದವೂ ಎರಡೂ ಕಳೆದರಂತೂ ಒಳಗಿನದು ಹೋದಂತೆಯೇ. ಯಜಮಾನನು ಹಠಾತ್ತಾಗಿ ತೀರಿಕೊಂಡು, ಮಡದಿ ಮಕ್ಕಳು ವಿಮೆಯ ಕಾಗದವೆಲ್ಲಿದೆಯೆಂದು ಮುಚ್ಚಿದ ಯಂತ್ರದ ಮುಂದೆ ಕುಳಿತು ಕಣ್ಣೀರಿಡುವ ಸ್ಥಿತಿಯು ಯಾರಿಗೂ ಬರಬಾರದು. ಆದುದರಿಂದ ಗುಪ್ತಪದವನ್ನು ಯಾರಿಗೂ ಹೇಳಬಾರದೆಂಬ ಹಳೆಯ ಉಪದೇಶವನ್ನು ನಾವು ಸ್ವಲ್ಪ ತಿದ್ದುತ್ತೇವೆ. ಹೊರಗಿನವರಿಗೆ ಹೇಳಬಾರದು, ಮನೆಯಲ್ಲಿ ಒಬ್ಬರಿಗಾದರೂ ಹೇಳದೆ ಇರಬಾರದು.

ಮತ್ತೊಂದು ಮಾತು. ದಿಡ್ಡಿಬಾಗಿಲು ಕೆಟ್ಟದ್ದೆಂದು ಯಾರೂ ಭಾವಿಸಬಾರದು. ವಿಂಡೋಸ್ ಕೆಟ್ಟು ಮಲಗಿದ್ದಾಗ ನಮ್ಮ ಕಡತಗಳನ್ನು ಉಳಿಸಿದುದು ಅದೇ ಬಾಗಿಲು. ಕೋಟೆಯಲ್ಲಿ ದಿಡ್ಡಿಯನ್ನು ಕಲ್ಲಿಟ್ಟು ಮುಚ್ಚಿದರೆ ಆಪತ್ಕಾಲದಲ್ಲಿ ಒಳಗಿನವರಿಗೂ ದಾರಿಯಿಲ್ಲ. ಬಾಗಿಲಿರಲಿ, ಬೀಗವಿರಲಿ, ಬೀಗದ ಕೈ ಮನೆಯವರಲ್ಲಿರಲಿ. ನಾವು ಹೇಳಬೇಕಾದುದರ ಸಾರವು ಇಷ್ಟೇ. ಯಂತ್ರವು ರಿಪೇರಿಗೆ ಹೋಗಬೇಕಾದಾಗ, ಸಾಧ್ಯವಾದರೆ ಪರರ ಕಾಗದಗಳನ್ನು ಮೊದಲೇ ಬೇರೆಡೆಗೆ ತೆಗೆದಿಟ್ಟು, ಬಾಗಿಲನ್ನು ತೆರೆಯುವ ಹೊತ್ತಿಗೆ ನೀವೂ ಅಲ್ಲಿರಿ.

ನಾವು ಮೇಲೆ ಹೇಳಿದುದನ್ನೆಲ್ಲ ಶಿಷ್ಯನ ಸಹಾಯದಿಂದ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದೆವು. ಹೊಸ ಗುಪ್ತಪದಗಳನ್ನೂ ೪೮ ಅಂಕೆಗಳ ಸಂಖ್ಯೆಯನ್ನೂ ದಪ್ಪ ಅಕ್ಷರಗಳಲ್ಲಿ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ, ಮನೆಯ ಪತ್ರಗಳಿರುವ ಬೀರುವಿನಲ್ಲಿಡುವಂತೆ ನಮ್ಮ ಮನೆಯವರ ಕೈಗೆ ಕೊಟ್ಟೆವು. ಅವರು, “ಇಷ್ಟು ವರ್ಷಕ್ಕೆ ನನ್ನ ಮೇಲೆ ನಂಬಿಕೆ ಬಂದಿತಲ್ಲಾ” ಎಂದು ನಕ್ಕು, ಬೀರುವಿನ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮುಂದಿನ ಸಂತೆಗೆ ಬಂದ ಆ ತಾಯಿಗೆ ಯಂತ್ರವನ್ನು ತೋರಿಸಿ, ಪೆನ್ ಡ್ರೈವನ್ನು ಸಿಕ್ಕಿಸಿ ಕೀಲಿಯನ್ನು ತಟ್ಟಿದೆವು. ಯಂತ್ರವು ಗುಪ್ತಪದವನ್ನು ಕೇಳಿ ನಿಂತಿತು. “ಈಗ ಕೇಳುತ್ತದೆ ಅಲ್ಲವಾ?” ಎಂದರು. ಹೌದೆಂದೆವು. “ಹಾಗಾದರೆ ಗುತ್ತಿಗೆ ಕಾಗದ ಇರಲಿ. ಪಾಸ್‌ಬುಕ್ಕಿನದು ತೆಗೆದುಬಿಡಿ ಮೇಷ್ಟ್ರೇ. ಅದು ನನ್ನ ಹತ್ತಿರ ಇದ್ದರೆ ಸಾಕು” ಎಂದರು. ಅವರ ಎದುರಿಗೇ ಅದನ್ನು ಅಳಿಸಿದೆವು. ಆ ಸಂಜೆ ಕುಳಿತು ಉಳಿದವರ ಕಾಗದಗಳನ್ನೂ ಒಂದೊಂದಾಗಿ ನೋಡಿ, ಕೆಲಸ ಮುಗಿದವುಗಳನ್ನು ತೆಗೆದುಹಾಕಿದೆವು. ಅರ್ಧಕ್ಕಿಂತ ಹೆಚ್ಚು ಭಾರವು ಇಳಿಯಿತು. ಇಟ್ಟುಕೊಳ್ಳಬೇಕಾಗಿಲ್ಲದುದನ್ನು ಇಟ್ಟುಕೊಳ್ಳದಿರುವುದೇ ಎಲ್ಲ ಬೀಗಗಳಿಗಿಂತಲೂ ಮೇಲಾದ ಬೀಗವೆಂಬುದನ್ನು ಅಕ್ಷರವರಿಯದ ಆ ತಾಯಿಯಿಂದ ನಾವು ಕಲಿತೆವು.